ಸಮಸ್ಯೆ: ಮಳೆಯು ಸುರಿದರೆ ಬೆಟ್ಟದೊಡಲಲಿ ಕಿಚ್ಚು ಹೊತ್ತಿತಲಾ

ತಿಪಟೂರು ತೆಂಗು: ಈ ವಾರದ ಸಮಸ್ಯೆ ಇದು, ಇದೇ ಕೊನೇ ಸಾಲಾಗೋ ಹಾಗೆ ಪದ್ಯ ಕಟ್ಟಬೇಕು. ದೇವರಾಯನದುರ್ಗ ಹತ್ತೋ ದಾರೀಲಿ ಪೊದೆಗಳ ಮೇಲೆ ಗೌರಿ ಹೂ (ಬೆಂಕಿ ನಾಲಗೆ ಥರದ ದಳಗಳ ಅಗ್ನಿಶಿಖೆ) ಅರಳಿತ್ತು, ಅದನ್ನ ನೋಡಿ ಹುಟ್ಟಿದ ಸಾಲು. ಕಾಡ್ಗಿಚ್ಚು, ಸಿಡಿಲು ಅಂತೆಲ್ಲ ಸುಲಭದ ದಾರಿ ಹಿಡೀಬೇಡಿ.

ಮಧುಗಿರಿ ಮಾವ:
ಎಳೆಯ ಬಳ್ಳಿಯೊಳೆಲೆಯ ತುದಿಯೇ
ಸುಳಿಯ ಸುತ್ತುತ ಪೊದೆಯ ಹಿಡಿದಿರೆ
ಹಳದಿಯಂಚಿನ ಕೆಂಪುನಾಲಗೆ ಮೇಲೆ ಚಾಚಿರಲು
ಒಳಗೆ ಗೆಡ್ಡೆಯೊಳಿಹುದು ನಂಜದು
ಬೆಳೆದು ಬಂಡೆಯ ಬಿರುಕ ನಡುವಲಿ
ಮಳೆಯು ಸುರಿದರೆ ಬೆಟ್ಟದೊಡಲಲಿ ಕಿಚ್ಚು ಹೊತ್ತಿತಲಾ

ನಂದಿ ತಪ್ಪಲು: ಭೇಷ್ ಮಾವ.

ಕೋಲಾರದ ಕಂದ: ಪ್ರಾಸ ಕೆಟ್ಟಿದೆ, ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮಳೆ ಅಂದ್ರೆ ಹಳಗನ್ನಡದಲ್ಲಿ ಮೞೆ, ಅಲ್ಲಿರೋದು ರಳ (ೞ) ಅನ್ನೋ ಬೇರೆ ಅಕ್ಷರ. ಎಳೆ, ಒಳಗೆ, ಬೆಳೆದು ಮೂರೂ ಬರೀ ಳ. ವ್ಯಾಕರಣಕಾರ ಕೇಶಿರಾಜ ಎರಡನ್ನೂ ಬಿಡಿಸಿ ಬಿಡಿಸಿ ಹೇಳಿದಾನೆ.

ಮಧುಗಿರಿ ಮಾವ: ಅವನು ಹೇಳಿದ್ದು 13ನೇ ಶತಮಾನದಲ್ಲಿ, ಆಗ್ಲೇ ಜನರ ಬಾಯಲ್ಲಿ ರಳ ಹೋಗ್ತಾ ಇತ್ತು ಅಂತಲೇ ಅಷ್ಟು ಒದ್ದಾಡಿದ್ದು. ನಾನು ಬರೆದಿರೋದು ಭಾಮಿನಿ ಷಟ್ಪದಿ, ಹಳಗನ್ನಡ ಚಂಪೂ (ಗದ್ಯ ಪದ್ಯ ಬೆರೆತ ಕಾವ್ಯ) ಅಲ್ಲ. ಹೋದ ಯುಗಾದಿಗೂ ಶಿಥಿಲದ್ವಿತ್ವ (ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗೇ ಉಳಿಯೋದು) ಅಂತ ಹಿಂಗೇ ನನ್ನ ಕಾಲು ಹಿಡಿದು ಎಳೆದ್ರಿ, ಕಿವಿಗೇ ಕೇಳದ ವ್ಯತ್ಯಾಸಕ್ಕೆ ಪ್ರಾಸ ಹೆಂಗ್ರೀ ಕೆಡುತ್ತೆ?

ಕೋಲಾರದ ಕಂದ: ಪೂರ್ತಿ ರಳದಲ್ಲೇ ಆಗುತ್ತೆ ಅನ್ನೋವಾಗ ಯಾಕೆ ಬಿಡಬೇಕು?
ಹಳೆಯ ಗೆಡ್ಡೆಯ ನೆಲದೊಳಿರಿಸುತ
ಅಳಿದು ಮಾಗಿಯ ಚಳಿಗೆ ಕಾಂಡವು
ಉಳಿದ ಜೀವವ ಕಾದು ಮಣ್ಣಲಿ ಮಲಗಿ ನಿದ್ರಿಸಿರೆ
ಸುಳಿವ ಗಾಳಿಗೆ ಕಣ್ಣ ತೆರೆಯುತ
ಇಳಿದ ಮೋಡಕೆ ಕೈಯ ಚಾಚಿರೆ
ಮಳೆಯು ಸುರಿದರೆ ಬೆಟ್ಟದೊಡಲಲಿ ಕಿಚ್ಚು ಹೊತ್ತಿತಲಾ

ತಿಪಟೂರು ತೆಂಗು: ವಾಹ್. ಕಾಂಡ ಒಣಗಿ ಗೆಡ್ಡೆ ಉಳಿಯೋದು ಯಾರಿಗೂ ಹೊಳೆದಿರಲಿಲ್ಲ.

ನಂದಿ ತಪ್ಪಲು: ಮಾವನ ನಂಜೂ ಸುಳ್ಳಲ್ಲ, ಆ ಗೆಡ್ಡೇಲಿ ಕಾಲ್ಚಿಸಿನ್ ಅನ್ನೋ ವಿಷ ಇದೆ, ಗೆಣಸು ಅಂತ ಬೇಯಿಸಿ ತಿಂದು ಸತ್ತೋರಿದಾರೆ, ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡು ಹೋಗೋರು ಹುಷಾರು. ಅದೇ ಕಾಲ್ಚಿಸಿನ್ ಗೌಟ್ ಅನ್ನೋ ಕೀಲುವಾತಕ್ಕೆ ಔಷಧಿ, ಅದಕ್ಕೇ ತಮಿಳುನಾಡಲ್ಲಿ ಬೀಜಕ್ಕಾಗಿ ಹೊಲದಲ್ಲೇ ಬೆಳೀತಾರೆ, ಅವರ ರಾಜ್ಯಪುಷ್ಪ ಕೂಡ ಇದೇ. ಬಣ್ಣದ ಬಗ್ಗೆ ಒಂದು ಮಾತು ಮಾವ, ಮೊಗ್ಗು ಬಿರಿದಾಗ ಹಸಿರು, ಆಮೇಲೆ ಬುಡ ಹಳದಿ ತುದಿ ಕೆಂಪು, ಬಾಡೋ ಹೊತ್ತಿಗೆ ಆರೂ ದಳ ಪೂರ್ತಿ ಕೆಂಪು. ನಿಮ್ಮ ಸಾಲಲ್ಲಿರೋದು ನಡುವಿನ ಹೂ.

ಮಧುಗಿರಿ ಮಾವ: ಹೌದು, ಅದನ್ನೇ ನೋಡಿ ಬರೆದೆ. ಕಂದನ ಪದ್ಯ ಚೆನ್ನಾಗಿದೆ, ಆದ್ರೆ ನಿದ್ರಿಸಿರೆ, ಚಾಚಿರೆ ಅಂತ ಎರಡು ಸಲ 'ಇರೆ' ಹಾಕಿ ಸಾಲು ತುಂಬಿಸಿದಾರೆ.

ಕೋಲಾರದ ಕಂದ: ಅದು ಸತಿಸಪ್ತಮಿ ('ಹೀಗಿರುವಾಗ' ಅನ್ನೋ ಅರ್ಥದ ರೂಪ), ತುಂಬಿಸಿದ್ದಲ್ಲ. ನಿಮ್ಮಲ್ಲೂ ಹಿಡಿದಿರೆ, ಚಾಚಿರಲು ಇದೆಯಲ್ಲ?

ಮಧುಗಿರಿ ಮಾವ: ನನ್ನಲ್ಲಿ ಒಂದು ಇರೆ, ಒಂದು ಇರಲು. ಎಣಿಸಿ ನೋಡಿ.