ಹಳೇ ಹರಿಗೋಲು ಸೋರ್ತಿದೆ, ಡಾಂಬರು ಸಾಕಾ?

ಪ್ರಶ್ನೆ: ಮಾರ್ಕೋನಹಳ್ಳಿ ಹಿನ್ನೀರಲ್ಲಿ ಜನ ದಾಟಿಸ್ತಿದ್ದ 7 ಅಡಿ ಹರಿಗೋಲು (ಬಿದಿರು ದಬ್ಬೆ ಹೆಣೆದ ದುಂಡು ದೋಣಿ), ಈಗ ಮೀನಿನ ಬಲೆ ಬಿಡೋಕೆ ಮಾತ್ರ. ತಳದಲ್ಲಿ ನೀರು ಜಿನುಗುತ್ತೆ. ಇನ್ನೊಂದು ಕೋಟ್ ಡಾಂಬರು ಹೊಡೆದ್ರೆ ಆಗುತ್ತಾ?

ಉತ್ತರ: ಆಗಲ್ಲ ಅಣ್ಣ. ಬಿರುಕು ಬಿಟ್ಟ ಡಾಂಬರಿನ ಮೇಲೆ ಹೊಸದು ಕಚ್ಚಲ್ಲ, ಬಿಸಿಲಿಗೆ ಹಪ್ಪಳದ ಥರ ಏಳುತ್ತೆ. ಬೋರಲು ಹಾಕಿ 2 ದಿನ ಒಣಗಿಸಿ, ಸಡಿಲ ಇರೋದನ್ನೆಲ್ಲ ಕೆರೆದು ತೆಗೀರಿ. ತೂತಿನ ಸುತ್ತ 4 ಇಂಚು ಹೆಚ್ಚಿಗೆ ಬರೋ ಹಾಗೆ ಗೊಬ್ಬರದ ಚೀಲ ಕತ್ತರಿಸಿ ಬಿಸಿ ಡಾಂಬರಲ್ಲಿ ಅಂಟಿಸಿ. ತೀರಾ ಕಾಯಿಸಿದ್ರೆ ಚೀಲ ಮುದುರುತ್ತೆ.

ಇನ್ನೊಂದು ಉತ್ತರ: ಮೊದಲು ಬಿದಿರು ದಬ್ಬೆ ಒತ್ತಿ ನೋಡಿ. ಹಿಟ್ಟು ಉದುರಿದ್ರೆ ಹುಳ ಹಿಡಿದಿದೆ. ತೇಪೆ ಹಾಕಿದ್ರೂ ಕಾಲಿಟ್ಟಲ್ಲೇ ಮತ್ತೆ ಹರಿಯುತ್ತೆ. ಚರ್ಮ ಹೊದಿಸ್ತಿದ್ದ ಕಾಲದಲ್ಲೂ ಇದೇ ಕಾಯಿಲೆ.

ಪ್ರಶ್ನೆ ಕೇಳಿದವರು: 3 ದಬ್ಬೇಲಿ ಹಿಟ್ಟು ಬರ್ತಿದೆ.

ಉತ್ತರ: ಹಸಿ ಬಿದಿರು ಸೀಳಿ ಹೆಣೀರಿ, ಒಣಗಿದ್ದು ಬಗ್ಗಲ್ಲ. ಜನ ಹತ್ತಿಸೋದು ಮಾತ್ರ ಬೇಡ.