ಪಿಸ್ತೂಲಿಗೆ ಉದ್ದ ಮ್ಯಾಗಜೀನ್, ಬಳಸಿದೋರು ಇದ್ರೆ ಹೇಳ್ರಪ್ಪ

ಎಲ್ರಿಗೂ ನಮಸ್ಕಾರ, ನಾನು ಭೀಮಸಮುದ್ರದ ಕಡೆಯೋನು, ಅಡಿಕೆ ವ್ಯಾಪಾರ. ಸೀಸನ್‌ನಲ್ಲಿ ದುಡ್ಡು ಹಿಡ್ಕಂಡು ಚಿತ್ರದುರ್ಗ, ದಾವಣಗೆರೆ ಅಂತ ಓಡಾಡ್ಬೇಕಾಗುತ್ತೆ, ಅದಕ್ಕೇ 0.32 (ಇಂಚಲ್ಲಿ ಗುಂಡಿನ ಅಳತೆ) ಪಿಸ್ತೂಲಿಗೆ ಲೈಸೆನ್ಸ್ ಮಾಡ್ಸಿ ಇಟ್ಕಂಡಿದೀನಿ. ಮೊನ್ನೆ ಅಮೆರಿಕದಲ್ಲಿರೋ ಭಾಮೈದ ವೀಡಿಯೊ ಕಳ್ಸಿದ್ದ, ಅವನ ಪಿಸ್ತೂಲ್ ಹಿಡಿಯಿಂದ ಅರ್ಧ ಗೇಣು ಕೆಳಗೆ ಮ್ಯಾಗಜೀನ್, ಅದೇ ಗುಂಡು ತುಂಬೋ ಡಬ್ಬಿ, ಜೋತಾಡ್ತಿತ್ತು, 33 ಗುಂಡು ಹಿಡಿಯುತ್ತಂತೆ. ನಂದು ನೋಡಿದ್ರೆ ಬೆರಳೆಣಿಕೆ. "ನಿಂಗೂ ಒಂದು ಉದ್ದದ್ದು ಹುಡುಕಿ ಕಳ್ಸಲಾ ಭಾವ" ಅಂತಾನೆ. ಗುಂಡು ಒಳಗೆ ಸಿಕ್ಕಾಕ್ಕೊಳ್ಳದೆ ಕೆಲಸ ಮಾಡುತ್ತಾ? ದಿನಾ ಸೊಂಟಕ್ಕೆ ಸಿಗ್ಸಿಕೊಂಡು ಓಡಾಡಕ್ಕಾಗುತ್ತಾ?

ಮಾಜಿ ಸೈನಿಕ, ದಾವಣಗೆರೆ

ಸಾಹುಕಾರ್ರೇ, ನಾನು ಸೈನ್ಯದಲ್ಲಿ ಇದ್ದಷ್ಟು ದಿನವೂ ಆಯುಧ ರಿಪೇರಿ ಮಾಡಿದೋನು. ಕೋತ್‌ಗೆ (ಆಯುಧ ಇಡೋ ಕೋಣೆಗೆ) ವಾಪಸ್ ಬರ್ತಿದ್ದ ಪಿಸ್ತೂಲಲ್ಲಿ "ಗುಂಡು ಸಿಕ್ಕಾಕ್ಕೊಳ್ತದೆ ಸಾಬ್" ಅಂತ ದೂರು ಇದ್ರೆ ನಾನು ಮೊದ್ಲು ಪಿಸ್ತೂಲು ಮುಟ್ತಾನೇ ಇರ್ಲಿಲ್ಲ, ಮ್ಯಾಗಜೀನ್ ಇಸ್ಕೊಂತಿದ್ದೆ. ಹೆಚ್ಚಿನ ಸಲ ರೋಗ ಅಲ್ಲೇ ಇರ್ತಿತ್ತು, ಗುಂಡನ್ನ ಹಿಡಿದಿಡೋ ಮೇಲಿನ ತುಟಿ ಒಂಚೂರು ಬಗ್ಗಿರ್ತಿತ್ತು, ಇಲ್ಲ ಸ್ಪ್ರಿಂಗ್ ಸೋತಿರ್ತಿತ್ತು.

ನಮ್ಮ 9 ಎಂಎಂ ಪಿಸ್ತೂಲಿಗೆ 13 ಗುಂಡು. ಅದು ಬ್ರೌನಿಂಗ್ ಹೈಪವರ್ ಅನ್ನೋ ಪಿಸ್ತೂಲಿನ ಮಾದರಿ, ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಲಿ ಮಾಡ್ತಿದ್ರು. 13ನೇದು ತುಂಬೋವಾಗ ಹೆಬ್ಬೆರಳಿನ ಉಗುರು ಬೆಳ್ಳಗಾಗೋದು. ಈಗ ಅದೇ ಸ್ಪ್ರಿಂಗ್ ಕೆಲಸನ 33ಕ್ಕೆ ಎಳೆದು ನೋಡ್ರಿ. ಸ್ಲೈಡ್, ಅಂದ್ರೆ ಪಿಸ್ತೂಲಿನ ಮೇಲೆ ಜಾರೋ ಭಾಗ, ಹಿಂದಕ್ಕೆ ಹೋಗಿ ಮುಂದಕ್ಕೆ ಬರೋದು ಕಣ್ಣು ಮಿಟುಕಿಸೋದ್ರೊಳಗೆ, ಅಷ್ಟರಲ್ಲಿ ಕೆಳಗಿರೋ ಸ್ಪ್ರಿಂಗ್ ಅಷ್ಟೂ ಗುಂಡಿನ ಭಾರ ಎತ್ತಿ ಮೇಲಿನದನ್ನ ಜಾಗಕ್ಕೆ ತಂದು ನಿಲ್ಲಿಸ್ಬೇಕು. ಒಂಚೂರು ತಡ ಆಯ್ತೋ, ಸ್ಲೈಡ್ ಗುಂಡಿನ ಬುಡ ಬಿಟ್ಟು ನಡುವಿಗೆ ಗುದ್ದುತ್ತೆ, ಇಲ್ಲ ಗುಂಡೇ ತಗೊಳ್ದೆ ಖಾಲಿ ಮುಚ್ಕೊಳ್ಳುತ್ತೆ. ಸರಿ ಅಂತ ಸ್ಪ್ರಿಂಗ್ ಗಟ್ಟಿ ಹಾಕಿದ್ರೆ ಇನ್ನೊಂದು ತಾಪತ್ರಯ, ಪೂರ್ತಿ ತುಂಬಿದಾಗ ಮೊದಲನೇ ಗುಂಡು ತುಟಿಗೆ ಒತ್ಕೊಂಡು ಈಚೆಗೆ ಬರಕ್ಕೆ ಒದ್ದಾಡುತ್ತೆ, ಮ್ಯಾಗಜೀನೂ ಹಿಡಿಯೊಳಗೆ ಸರಿಯಾಗಿ ಕೂರಲ್ಲ, ಕೂತಂಗೆ ಕಾಣುತ್ತೆ ಅಷ್ಟೇ. ಅದಕ್ಕೇ ಉದ್ದದ್ದು ಕೈ ಕೊಟ್ರೆ ಸಾಮಾನ್ಯಕ್ಕೆ ಮೊದಲನೇ ಒಂದೆರಡರಲ್ಲಿ ಇಲ್ಲ ಕೊನೇ ಒಂದೆರಡರಲ್ಲಿ. ಎಲ್‌ಎಂಜಿ (ಹಗುರ ಮೆಷಿನ್ ಗನ್) ಮ್ಯಾಗಜೀನ್ 30 ಹಿಡಿದ್ರೂ ನಾವು 28ಕ್ಕೇ ನಿಲ್ಲಿಸ್ತಿದ್ವಿ, ಅದು ಕಂಜೂಸ್‌ತನ ಅಲ್ಲ.

ಆಮೇಲೆ ನಿಮ್ದು 0.32 ಅಂದ್ರಲ್ಲ, ಅದರದೇ ಒಂದು ಹುಳುಕೈತೆ. 1899ರ ಸುಮಾರಿಗೆ ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಮಾಡಿದ ಗುಂಡು, ಅದರ ಬುಡದ ಅಂಚು ಮೈಗಿಂತ ಒಂದು ಕೂದಲೆಳೆ ದಪ್ಪ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಹೋಗಿ ಕೂತ್ರೆ ಮುಗೀತು, ಎರಡೂ ಕೈ ಹಿಡ್ಕಂಡಂಗೆ ನಿಂತುಬಿಡ್ತವೆ, ಸ್ಲೈಡ್ ಎಷ್ಟು ಎಳೆದ್ರೂ ಆಗಲ್ಲ, ಮ್ಯಾಗಜೀನ್ ತೆಗೆದು ಬಿಡಿಸ್ಬೇಕು. ಗುಂಡು ಜಾಸ್ತಿ ಪೇರಿಸಿದಷ್ಟೂ ಹಿಂಗೆ ಆಗೋ ಜಾಗಾನೂ ಜಾಸ್ತಿ. ಅಂದ್ರೆ 9 ಎಂಎಂ ವೀಡಿಯೊ ನೋಡಿ 0.32ಕ್ಕೆ ಲೆಕ್ಕ ಹಾಕೋಹಂಗಿಲ್ಲ.

ಟೆಕ್ಸಾಸ್‌ನಿಂದ, ಊರು ದಾವಣಗೆರೆನೇ

ನಾನು ಬಳಸಿದೀನಿ, ಹೇಳ್ತೀನಿ. ಭಾಮೈದನ ಹತ್ರ ಇರೋದು ಗ್ಲಾಕ್ ಕಂಪನಿ ಪಿಸ್ತೂಲ್ ಇರ್ಬೇಕು, 33ರ ಆ ಮ್ಯಾಗಜೀನ್ ಹುಟ್ಟಿದ್ದೇ ಒಂದೇ ಸಮ ಹಾರಿಸೋ ಗ್ಲಾಕ್ 18ಕ್ಕೆ ಅಂತ, ಗ್ಲಾಕ್ 17ಕ್ಕೂ ಕೂರುತ್ತೆ. ಕಂಪನಿದು ಚೆನ್ನಾಗೇ ಓಡುತ್ತೆ, ಸುಳ್ಳು ಹೇಳಲ್ಲ, ನಂದು ವರ್ಷದಲ್ಲಿ ಎರಡು ಸಲ ನಿಂತಿರ್ಬೋದು. ಅರ್ಧ ರೇಟಿಗೆ ಸಿಗುತ್ತೆ ಅಂತ ಬೇರೆಯವರ ಪ್ಲಾಸ್ಟಿಕ್‌ದು ಒಂದು ತಗೊಂಡೆ ನೋಡಿ, ಅದರ ನಾಲ್ಕನೇ ಗುಂಡೇ ಮೂತಿ ಮೇಲೆ ಮಾಡ್ಕೊಂಡು ನಿಂತ್ಕೊಂತು, ಗುಂಡನ್ನ ಕೆಳಗಿಂದ ತಳ್ಳೋ ಒಳಗಿನ ತಟ್ಟೆ, ಫಾಲೋವರ್ ಅಂತಾರೆ, ಓರೆ ಆಗ್ತಿತ್ತು. 50 ಹಿಡಿಯೋ ದುಂಡನೆ ಡ್ರಮ್ ಮ್ಯಾಗಜೀನ್ ಸ್ನೇಹಿತನದು, ಅದರ ಮಾತು ಬೇಡ.

ಆದ್ರೆ ಇದೆಲ್ಲ ರೇಂಜಿನಲ್ಲಿ ಕಣ್ರೀ. 33 ಗುಂಡೇ ಹತ್ತಿರ ಹತ್ತಿರ 400 ಗ್ರಾಂ ತೂಗುತ್ತೆ, ಸೊಂಟದಲ್ಲಿ ಇಟ್ಕಂಡು ಕಾರಲ್ಲಿ ಕೂತ್ರೆ ಪಕ್ಕೆಲುಬಿಗೆ ಚುಚ್ಚುತ್ತೆ, ಶರ್ಟ್ ಮೇಲಿಂದ ಹಿಟ್ಟಿನ ಲಟ್ಟಣಿಗೆ ಇಟ್ಟಂಗೆ ಕಾಣುತ್ತೆ. ಶೂಟಿಂಗ್ ಸ್ಪರ್ಧೆಯಲ್ಲಿ ಓಪನ್ ಅನ್ನೋ ವಿಭಾಗದವರು 170 ಮಿ.ಮೀ. ಉದ್ದದ್ದು ಹಾಕ್ತಾರೆ, ಮಧ್ಯ ಮ್ಯಾಗಜೀನ್ ಬದಲಾಯಿಸೋ ಸೆಕೆಂಡ್ ಉಳಿಸಕ್ಕೆ. ನಾನು ದಿನಾ ಇಟ್ಕೊಳ್ಳೋದು ಪಿಸ್ತೂಲಿನ ಜೊತೆ ಬಂದ ಮ್ಯಾಗಜೀನೇ. ಇಲ್ಲೂ ಎಲ್ಲಾ ಕಡೆ ನಡೆಯಲ್ಲ, ಕ್ಯಾಲಿಫೋರ್ನಿಯಾದಲ್ಲಿ 10ಕ್ಕಿಂತ ಜಾಸ್ತಿ ಹಿಡಿಯೋದನ್ನ ಮಾರೋಹಂಗೇ ಇಲ್ಲ, 1994ರಿಂದ 2004ರವರೆಗೆ ಇಡೀ ದೇಶಕ್ಕೇ ಹೊಸದಾಗಿ ಮಾಡಿದ ದೊಡ್ಡ ಮ್ಯಾಗಜೀನ್ ಬಂದ್ ಇತ್ತು.

ಹೊಳಲ್ಕೆರೆ ವಕೀಲ

ಅಣ್ಣಾ, ಭಾಮೈದನಿಗೆ ಈಗ್ಲೇ ಫೋನ್ ಮಾಡಿ ಪಾರ್ಸೆಲ್ ಗೀರ್ಸೆಲ್ ಬೇಡ ಅನ್ನು. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಅಂದ್ರೆ ಅದರ ಬಿಡಿಭಾಗನೂ ಸೇರ್ಕಂಡೇ, ಹೊರದೇಶದಿಂದ ಸುಮ್ನೆ ತರಿಸ್ಕೊಳ್ಳೋ ಸಾಮಾನಲ್ಲ ಅದು. ಕಸ್ಟಮ್ಸ್‌ನೋರ ಕೈಗೆ ಸಿಕ್ರೆ ಲೈಸೆನ್ಸೂ ಹೋಗುತ್ತೆ, ಕೋರ್ಟ್ ಮೆಟ್ಲೂ ಹತ್ತಬೇಕಾಗುತ್ತೆ. ಚುನಾವಣೆ ಬಂದಾಗ ಠಾಣೆಗೆ ಡಿಪಾಸಿಟ್ ಮಾಡಕ್ಕೆ ಹೋಗ್ತೀಯಲ್ಲ, ಅಲ್ಲಿ ಆ ಜೋತಾಡೋದನ್ನ ಟೇಬಲ್ ಮೇಲೆ ಇಟ್ರೆ ಏನಂತಾರೆ ಯೋಚ್ನೆ ಮಾಡು.

ಮಾಜಿ ಸೈನಿಕ, ದಾವಣಗೆರೆ

ವಕೀಲ್ರು ಹೇಳಿದ್ದು ಸರಿ. ಇನ್ನೊಂದು, ತುಂಬಿಟ್ರೆ ಸ್ಪ್ರಿಂಗ್ ಸತ್ತೋಗುತ್ತೆ ಅಂತ ದಿನಾ ಸಂಜೆ ತುಂಬೋದು ತೆಗೆಯೋದು ಮಾಡೋರು ಇದಾರೆ. ಒಳ್ಳೇ ಸ್ಪ್ರಿಂಗ್ ಸುಮ್ನೆ ಒತ್ಕಂಡಿದ್ರೆ ಅಷ್ಟು ಸವೆಯಲ್ಲ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ರೆ ಸವೆಯೋದು. ಲೈಸೆನ್ಸ್ ಇರೋ ಅಂಗಡಿಯಲ್ಲಿ ಆ ಪಿಸ್ತೂಲಿನದೇ ಕಂಪನಿ ಮ್ಯಾಗಜೀನ್ ಇನ್ನೊಂದು ಸಿಗುತ್ತಾ ಕೇಳ್ರಿ. ಎರಡಕ್ಕೂ ತಳದಲ್ಲಿ ಬಣ್ಣದಲ್ಲಿ 1, 2 ಅಂತ ಬರೀರಿ, ಯಾವುದು ಕೈಕೊಡ್ತು ಅಂತ ಗೊತ್ತಾಗುತ್ತೆ. ಒಳಗೆ ಎಣ್ಣೆ ಸುರೀಬೇಡ್ರಿ, ಅಡಿಕೆ ಮಂಡಿ ಧೂಳಿಗೆ ಅದು ಅಂಟಾಗುತ್ತೆ. ಕೊನೇ ಸಲ ಬಿಚ್ಚಿ ಒರೆಸಿದ್ದು ಯಾವಾಗ?

ಕೇಳಿದೋನು

ಬಿಚ್ಚೋದು ಅಂತ ಒಂದು ಇರುತ್ತೆ ಅಂತಾನೇ ಗೊತ್ತಿರ್ಲಿಲ್ಲ ಸಾರ್. ಈಗ ಗುಂಡೆಲ್ಲ ತೆಗೆದಿಟ್ಟು ಟಾರ್ಚ್ ಬಿಟ್ಟು ನೋಡಿದೆ, ಸ್ಪ್ರಿಂಗ್ ಸುತ್ತ ಜೇಬಿನ ನೂಲು, ಒಂದು ಎಸಳು ಅಡಿಕೆ ಸಿಪ್ಪೆ. ಭಾನುವಾರ ದಾವಣಗೆರೆಗೆ ಬರ್ತೀನಿ, ಪಿಸ್ತೂಲ್ ಮನೇಲೇ ಬಿಟ್ಟು ಖಾಲಿ ಮ್ಯಾಗಜೀನ್ ಮಾತ್ರ ತರ್ಲಾ?

ಹೊಳಲ್ಕೆರೆ ವಕೀಲ

ತಂದ್ರೆ ಲೈಸೆನ್ಸ್ ಪುಸ್ತಕಾನೂ ಜೊತೆಗೆ ತಗೊಂಡು ಹೋಗಣ್ಣಾ.