ಮಕ್ಕಳ ಕೈಗೆ ಫೋನು: ಮೊದಲು ಲಾಕೋ, ಮೊದಲು ಮಾತೋ?

ಬಹಮನಿ ಬುರುಜು (ಕಲಬುರಗಿ): ಬೇಸಿಗೆ ರಜೆ ಬಂತು. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಅವ್ವ ದುಡಿಯೋಕೆ ಪುಣೆ, ಬೆಂಗಳೂರು ಸೇರಿರ್ತಾರೆ. ಮಕ್ಕಳು ಅಜ್ಜಿ ಹತ್ತಿರ, ಅಜ್ಜಿಯ ಫೋನು ಮಕ್ಕಳ ಹತ್ತಿರ. ಫೋನ್ ಕೊಡೋ ಮುಂಚೆ ಇಂಟರ್‌ನೆಟ್ ಹೇಗೆ ನಡೆಯುತ್ತೆ ಅಂತ ಮಗುವಿಗೆ ಹೇಳಿ. ಕಳಿಸಿದ ಫೋಟೋದ ಒಂದು ಪ್ರತಿ ಆ ಕಡೆಯವರ ಫೋನಿನಲ್ಲಿ ಉಳಿಯುತ್ತೆ. ವಾಟ್ಸ್‌ಆಪ್‌ನಲ್ಲಿ ಎಲ್ಲರಿಗೂ ಅಳಿಸೋ ಅವಕಾಶ ಇರೋದು ಎರಡು ದಿನಕ್ಕಿಂತ ಚೂರು ಹೆಚ್ಚು, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಆಗಿದ್ರೆ ಮುಗೀತು. ಒಮ್ಮೆ ಮಾತ್ರ ನೋಡೋ ಫೋಟೋವನ್ನೂ ಇನ್ನೊಂದು ಫೋನ್ ಹಿಡಿದು ತೆಗೀಬಹುದು. ಇದು ತಿಳಿದ ಮೇಲೆ ಫೋನಿಗೆ ತಡೆ ಹಾಕೋ ಲಾಕ್ ಆಮೇಲೆ ಹಾಕಿದ್ರೂ ನಡೆಯುತ್ತೆ.

ಬಿದರಿ ಕಪ್ಪು (ಬೀದರ್): "ಲಾಕ್ ಆಮೇಲೆ" ಅಂದ್ರ ಹ್ಯಾಂಗ್ರಿ? ಮಗು ನಿಮ್ಮ ಪಾಠ ಮುಗಿಯೋತನ ಕಾಯ್ತದೇನು? ಆಂಡ್ರಾಯ್ಡ್ 9ರಿಂದ ಮ್ಯಾಲಿನ ಫೋನಿನಾಗ ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರೈವೇಟ್ ಡಿಎನ್‌ಎಸ್‌ಗೆ ಹೋಗ್ರಿ (ಡಿಎನ್‌ಎಸ್ ಅಂದ್ರ ಸೈಟಿನ ಹೆಸರು ಕೇಳಿ ಅದು ಎಲ್ಲದ ಅಂತ ಫೋನಿಗೆ ಹೇಳೋ ಸೇವೆ). ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್ (family.cloudflare-dns.com) ಅಂತ ಇಂಗ್ಲಿಷಿನಾಗ ಬರೀರಿ, ಉಳಿಸ್ರಿ. ಹೊಲಸು ಸೈಟು, ವೈರಸ್ ಸೈಟು ತೆರೆಯಂಗೇ ಇಲ್ಲ. ವೈಫೈ ಇರ್ಲಿ, ಸಿಮ್ ಡೇಟಾ ಇರ್ಲಿ, ಎರಡರಾಗೂ ನಡೀತದ. ಬಿಡಿಗಾಸು ಖರ್ಚಿಲ್ಲ.

ತೊಗರಿ ಸೀಮೆ (ಸೇಡಂ): "ಬಿಡಿಗಾಸು ಖರ್ಚಿಲ್ಲ" ಅನ್ನೋದು ಸರಿ, ಆದ್ರ ಆ ಹೆಸರಿನಾಗ ಒಂದು ಅಕ್ಷರ ತಪ್ಪಿದ್ರ ಇಡೀ ನೆಟ್ಟೇ ಬಂದ್ ಆಗ್ತದ. ಸರ್ವರ್ ಸಿಗವಲ್ದು ಅಂತ ಇಂಗ್ಲಿಷಿನಾಗ ಬರ್ತದ. ಅಜ್ಜಿಗಿ ಅದು ಓದಾಕ ಬರಂಗಿಲ್ಲ, ಫೋನ್ ಕೆಟ್ಟದ ಅಂತ ಅಂಗಡಿಗಿ ಒಯ್ತಾಳ. ಅಂಗಡಿಯವ ಡಿಎನ್‌ಎಸ್ ತೆಗೆದು ಕೊಡ್ತಾನ.

ಬಿದರಿ ಕಪ್ಪು (ಬೀದರ್): ಅಕ್ಷರ ತಪ್ಪಿ ಬರದ್ರ ತಪ್ಪು ಬರದವರದು. ಬಹಳ ಮಂದಿ ಅಲ್ಲಿ ಅದೇ ಸೇವೆಯ ಅಂಕಿ ವಿಳಾಸ 1.1.1.3 ಹಾಕ್ತಾರ. ಫೋನ್ ಅದನ್ನ ಒಪ್ಪಂಗಿಲ್ಲ, ಅಲ್ಲಿ ಹೆಸರೇ ಬೇಕು. ಅಂಕಿ ಹಾಕೋದು ಮನಿ ರೌಟರಿನಾಗ (ವೈಫೈ ಡಬ್ಬಿಯಾಗ): ಮೊದಲನೇದು 1.1.1.3, ಎರಡನೇದು 1.0.0.3.

ಭೀಮಾ ದಂಡೆ (ಯಾದಗಿರಿ): ಬಿದರಿಯವ್ರೇ, "ತೆರೆಯಂಗೇ ಇಲ್ಲ" ಅಂತ ಹೇಳಿ ಮಂದಿಗೆ ಸುಳ್ಳು ಧೈರ್ಯ ಕೊಡಬ್ಯಾಡ್ರಿ. ಡಿಎನ್‌ಎಸ್ ಅಂದ್ರ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದ್ದಂಗ. ಹುಮನಾಬಾದ್ ಬಸ್ ಎಲ್ಲಿ ನಿಲ್ತದ ಅಂತ ಹೇಳ್ತದ, ಬಸ್ಸಿನಾಗ ಯಾರು ಕೂತಾರ ಅಂತ ಅದಕ್ಕ ಗೊತ್ತಿರಂಗಿಲ್ಲ. ಇನ್‌ಸ್ಟಾಗ್ರಾಮ್ ತೆರೀತು ಅಂದ್ರ ಒಳಗಿನ ಮೆಸೇಜು, ಟೆಲಿಗ್ರಾಮ್ ತೆರೀತು ಅಂದ್ರ ಒಳಗಿನ ಚಾನೆಲ್ಲು, ಯಾವುದೂ ಅದರ ಕೈಗೆ ಸಿಗಂಗಿಲ್ಲ. ಮಕ್ಕಳಿಗೆ ಗಾಳ ಹಾಕೋರು ಇರೋದೇ ಅಲ್ಲಿ.

ಬಿದರಿ ಕಪ್ಪು (ಬೀದರ್): ವಿಚಾರಣೆ ಕೌಂಟರ್ ಬಸ್ಸೇ ಇಲ್ಲ ಅಂದ್ರ ಮಗು ಹತ್ತೋದು ಹ್ಯಾಂಗ? ಇನ್‌ಸ್ಟಾಗ್ರಾಮ್ ಬ್ಯಾಡಂದ್ರ ಇನ್‌ಸ್ಟಾಲ್ ಮಾಡಾಕ ಬಿಡಬ್ಯಾಡ್ರಿ. ಅದು ಡಿಎನ್‌ಎಸ್ ತಪ್ಪಲ್ಲ.

ತೊಗರಿ ಸೀಮೆ (ಸೇಡಂ): ಏಳನೇ ಕ್ಲಾಸಿನ ಹುಡುಗ ಪುಕ್ಕಟೆ ವಿಪಿಎನ್ (ನೆಟ್ಟನ್ನ ಬ್ಯಾರೆ ದಾರಿಲೆ ಒಯ್ಯೋ ಆಪ್) ಹಾಕಿದ್ರ ನಿಮ್ಮ ಕೌಂಟರಿಗೇ ಬರಂಗಿಲ್ಲ. ಕ್ರೋಮ್‌ನಾಗ ಸೆಕ್ಯೂರ್ ಡಿಎನ್‌ಎಸ್ ಅಂತ ಬ್ಯಾರೆ ಸೆಟ್ಟಿಂಗ್ ಅದ. ಅಲ್ಲಿ ಬ್ಯಾರೆ ಕಂಪನಿ ಆರಿಸಿದ್ರ ಫೋನಿನ ಸೆಟ್ಟಿಂಗ್ ದಾಟಿ ಹೋಗ್ತದ.

ಬಿದರಿ ಕಪ್ಪು (ಬೀದರ್): ವಿಪಿಎನ್ ಹಾಕೋ ಹುಡುಗನ ಮಾತು ಬ್ಯಾರೆ. ನಾ ಹೇಳಿದ್ದು ಹತ್ತು ವರ್ಷದ ಮಗುವಿಗೆ. ಮೂಲ ಪೋಸ್ಟ್ ಇನ್ನೊಮ್ಮೆ ಓದ್ರಿ.

ಭೀಮಾ ದಂಡೆ (ಯಾದಗಿರಿ): ಮೂಲ ಪೋಸ್ಟಿನಾಗ ವಯಸ್ಸೇ ಬರದಿಲ್ಲ. ನೀವೇ ಓದ್ರಿ.

ಬಹಮನಿ ಬುರುಜು (ಕಲಬುರಗಿ): ಡಿಎನ್‌ಎಸ್ ಸಾಕು ಮಾಡಿ. ಗೂಗಲ್ ಫ್ಯಾಮಿಲಿ ಲಿಂಕ್ ಇದೆ. ಅಪ್ಪ ಪುಣೆಯಲ್ಲಿದ್ದರೂ ತನ್ನ ಫೋನಿನಿಂದಲೇ ಮಗುವಿನ ಫೋನಿಗೆ ಸಮಯ ಕಟ್ಟಬಹುದು, ಹೊಸ ಆಪ್‌ಗೆ ಒಪ್ಪಿಗೆ ಕೊಡಬಹುದು, ಕೊಡದೇ ಇರಬಹುದು. ಕಾನೂನೂ ಇದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 9ನೇ ಕಲಂನಲ್ಲಿ 18 ತುಂಬದವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅಂತ ಬರೆದಿದೆ.

ತೊಗರಿ ಸೀಮೆ (ಸೇಡಂ): "ಮಗುವಿನ ಫೋನು" ಎಲ್ಲದ ಗುರುಗಳೇ? ಅಜ್ಜಿ ಫೋನ್ ಅಂತ ನೀವೇ ಬರದೀರಿ. ಅದರಾಗಿರೋದು ಅಜ್ಜಿ ಅಕೌಂಟು, ಹುಟ್ಟಿದ ವರ್ಷನೂ ಅಜ್ಜಿದು. ಅಲ್ಲಿ ಮಗುವಿನ ಲೆಕ್ಕ ಯಾರು ಇಡ್ತಾರ, ನಿಮ್ಮ 9ನೇ ಕಲಂ ಯಾರನ್ನ ಕೇಳ್ತದ? ಒಂದೇ ಫೋನ್ ಇರೋ ಮನಿಗೆ ಬೇಕಾದ್ದು ಆಪ್ ಪಿನ್ನಿಂಗ್. ಸೆಟ್ಟಿಂಗ್ಸ್‌ನಾಗ ಸೆಕ್ಯುರಿಟಿ ಒಳಗ ಇರ್ತದ, ಕೆಲವು ಕಂಪನಿ ಫೋನಿನಾಗ ಹೆಸರು ಬ್ಯಾರೆ. ಪಾಠದ ಆಪ್ ತೆರೆದು ಪಿನ್ ಮಾಡಿ ಕೊಟ್ರ ಮಗು ಹೊರಗ ಬರಂಗಿಲ್ಲ. ಬಿಡಿಸುವಾಗ ಪಿನ್ ನಂಬರ್ ಕೇಳಬೇಕು ಅನ್ನೋ ಗುಂಡಿ ಆನ್ ಇರಬೇಕು. ಮಂದಿ ಮರೆಯೋದು ಇದನ್ನೇ.

ಬಿದರಿ ಕಪ್ಪು (ಬೀದರ್): ಪಿನ್ ಮಾಡಿದ ಆಪ್ ಯೂಟ್ಯೂಬ್ ಆಗಿದ್ರ? ಅದರಾಗೇ ಎಲ್ಲಾ ಸಿಗ್ತದಲ್ಲ.

ತೊಗರಿ ಸೀಮೆ (ಸೇಡಂ): ಅದನ್ನ ನಿಮ್ಮ ಡಿಎನ್‌ಎಸ್ ತಡೀತದೇನು?

ಕೋಟೆ ಬಾಗಿಲು (ಬಸವಕಲ್ಯಾಣ): ಇಷ್ಟೆಲ್ಲಾ ಯಾಕ? ಯಾರರ ಮಗುವಿನ ಫೋಟೋ ಹಿಡಕೊಂಡು ಬೆದರಿಸಿದ್ರ ಆ ಚಾಟಿನ ಸ್ಕ್ರೀನ್‌ಶಾಟ್ ಶಾಲಿ ಗ್ರೂಪಿನಾಗ ಹಾಕ್ರಿ. ಎಲ್ಲಾ ಪಾಲಕರು ಹುಷಾರಾಗ್ತಾರ.

ಭೀಮಾ ದಂಡೆ (ಯಾದಗಿರಿ): ಏನ್ ಮಾತಾಡ್ತೀರಿ ನೀವು! ಮಗುವಿನ ಅಶ್ಲೀಲ ಫೋಟೋ ಮುಂದ ಕಳಿಸೋದು ಐಟಿ ಕಾಯ್ದೆ 67ಬಿ ಪ್ರಕಾರ ಅಪರಾಧ, ಮೊದಲ ಸಲಕ್ಕೇ 5 ವರ್ಷದ ತನಕ ಜೈಲು. ಎಚ್ಚರಿಸಾಕ ಕಳಿಸಿದೆ ಅಂದ್ರೂ ಆ ಹುಡುಗಿ ಮಾನ ನೂರು ಮನಿಗೆ ಹಂಚಿದಂಗೇ. ಆಕಿ ಮತ್ತ ಶಾಲಿ ಮೆಟ್ಟಿಲು ಹತ್ತತಾಳೇನು? ಮಗುವಿಗೆ ಬೈಬ್ಯಾಡ್ರಿ, ಬೆದರಿಸೋನಿಗೆ ದುಡ್ಡು ಕೊಡಬ್ಯಾಡ್ರಿ, ಚಾಟ್ ಅಳಿಸಬ್ಯಾಡ್ರಿ. ಅವನ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ದುಡ್ಡು ಕೇಳಿದ ಯುಪಿಐ ಐಡಿ ಬರದಿಟ್ಟು ಆಮ್ಯಾಲ ಬ್ಲಾಕ್ ಮಾಡ್ರಿ. ಮೊದಲೇ ಬ್ಲಾಕ್ ಮಾಡಿದ್ರ ಪ್ರೊಫೈಲ್ ಮತ್ತ ಹುಡುಕೋದು ಕಷ್ಟ. 1098 ಮಕ್ಕಳ ಸಹಾಯವಾಣಿ, ದುಡ್ಡು ಹೋಗಿದ್ರ ಸೈಬರ್ ವಂಚನೆ ಸಹಾಯವಾಣಿ 1930. ಪೋಕ್ಸೊ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಯೋ ಕಾಯ್ದೆ) 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಇಂಥ ಫೋಟೋ ನೆಟ್ಟಿನಿಂದ ಅಳಿಸಾಕ ಟೇಕ್ ಇಟ್ ಡೌನ್ ಅಂತ ಪುಕ್ಕಟೆ ಸೇವೆ ಅದ, 18 ತುಂಬೋ ಮುಂಚೆ ಹಿಡಿದ ಫೋಟೋಗಳಿಗೆ. ಫೋಟೋ ಫೋನ್ ಬಿಟ್ಟು ಹೋಗಂಗಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗ್ತದ. ಇದರಾಗ ಸೇರಿದ ಕಂಪನಿಗಳು ಆ ಸಂಖ್ಯೆ ಹಿಡಿದು ತಮ್ಮಲ್ಲಿನ ಪ್ರತಿ ಹುಡುಕ್ತಾವ.

ಕೋಟೆ ಬಾಗಿಲು (ಬಸವಕಲ್ಯಾಣ): ಫೋಟೋ ಹಾಕ್ರಿ ಅಂದಿಲ್ಲ ನಾ, ಚಾಟ್ ಅಂದೆ.

ಭೀಮಾ ದಂಡೆ (ಯಾದಗಿರಿ): ಚಾಟಿನಾಗ ಹೆಸರಿರಂಗಿಲ್ಲೇನು?

ಬಹಮನಿ ಬುರುಜು (ಕಲಬುರಗಿ): ಬೈಬೇಡಿ ಅಂತ ಭೀಮಾ ಅವರೂ ಹೇಳಿದ್ರು. ನಾನು ಮೊದಲು ಮಾತು ಅಂದದ್ದು ಇದಕ್ಕೇ. ಫೋನ್ ಕಿತ್ಕೊಳ್ತಾರೆ ಅನ್ನೋ ಹೆದರಿಕೆ ಇರೋ ಮಗು ಬೆದರಿಕೆ ಬಂದರೂ ಮನೇಲಿ ಬಾಯಿ ಬಿಡಲ್ಲ.

ಬಿದರಿ ಕಪ್ಪು (ಬೀದರ್): ಮಾತಾಡ್ರಿ, ಯಾರು ಬ್ಯಾಡಂದ್ರು? ಡಿಎನ್‌ಎಸ್ ಹಾಕಿ ಮಾತಾಡ್ರಿ. ಹಾಕಿದ ಮ್ಯಾಲ ಡೇಟಾ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ. ಒಂದು ಸೈಟ್ ತೆರೆದು ನೋಡಿ, ನೆಟ್ ಬರ್ತದ ಅಂತ ಖಾತ್ರಿ ಮಾಡಿಕೊಂಡೇ ಅಜ್ಜಿ ಕೈಗೆ ಕೊಡ್ರಿ. ಆಗ ಅಂಗಡಿ ದಾರಿ ಹಿಡಿಯೋ ಪ್ರಶ್ನೆ ಬರಂಗಿಲ್ಲ.